ಮುಖವಾಡದ ಕಣಿವೆ ಲೋಚೆನ್‌ಟಾಲ್: ಕಿಪೆಲ್ ಹಳ್ಳಿಯಲ್ಲಿ ಎರಡು ರಾತ್ರಿ ಹೆಚ್ಚಾಯಿತೇ?

ಪ್ರಶ್ನೆ: ನಾಲ್ಕು ದಿನದ ಅತಿಥಿ

2027ರ ಫೆಬ್ರವರಿ 18ರಿಂದ 21ರವರೆಗೆ ನಾನೂ ನನ್ನ ತಾಯಿಯೂ ಸ್ವಿಟ್ಜರ್ಲೆಂಡಿನಲ್ಲಿ ಇರುತ್ತೇವೆ. ಲೂಸರ್ನ್, ಇಂಟರ್‌ಲಾಕೆನ್ ಎಲ್ಲವನ್ನೂ ಬಂಧುಗಳು ಆಗಲೇ ನೋಡಿ ಬಂದು, ಸಾಕುಸಾಕೆನಿಸುವಷ್ಟು ಫೋಟೋ ತೋರಿಸಿದ್ದಾರೆ. ಹಾಗಾಗಿ ಊರೂರು ಸುತ್ತುವ ಬದಲು ಒಂದೇ ಹಳ್ಳಿಯಲ್ಲಿ ಎರಡು ರಾತ್ರಿ ತಂಗಿ ನಿಧಾನವಾಗಿ ನೋಡೋಣ ಎಂದುಕೊಂಡಿದ್ದೇವೆ. ಮರದ ಮುಖವಾಡ ಹಾಕಿ, ಮೇಕೆಯ ಚರ್ಮ ಹೊದ್ದು ಹಿಮದಲ್ಲಿ ಓಡುವವರ ಚಿತ್ರವೊಂದನ್ನು ಕಂಡು ಹುಡುಕಿದಾಗ ವಾಲಿಸ್ ಪ್ರಾಂತದ ಲೋಚೆನ್‌ಟಾಲ್ ಕಣಿವೆ, ಅಲ್ಲಿನ ಕಿಪೆಲ್ ಎಂಬ ಹಳ್ಳಿಯ ಹೆಸರು ಸಿಕ್ಕಿತು.

ಆ ಮುಖವಾಡದವರು ನಮಗೆ ನೋಡಲು ಸಿಗುತ್ತಾರೆಯೇ? ಅವರನ್ನು ಬಿಟ್ಟರೆ ಅಲ್ಲಿ ನೋಡುವಂಥದ್ದು ಏನಿದೆ? ತಾಯಿಗೆ 66 ವರ್ಷ, ಚೆನ್ನಾಗಿ ನಡೆಯುತ್ತಾರೆ, ಆದರೆ ಜಾರುವ ನೆಲವೆಂದರೆ ಭಯ. ಇನ್ನೊಂದು ವಿಷಯ: 2025ರಲ್ಲಿ ಹಿಮನದಿ ಕುಸಿದು ಹೂತುಹೋದ ಬ್ಲಾಟೆನ್ ಹಳ್ಳಿಯೂ ಅದೇ ಕಣಿವೆಯದಂತೆ. ಅಲ್ಲಿಗೆ ಹೋಗುವುದು ಸರಿಯೇ?

ಉತ್ತರ: ಬರ್ನ್‌ನ ಬಾಡಿಗೆದಾರ

ಮೊದಲು ಬೇಸರದ ಸುದ್ದಿ ಹೇಳಿಬಿಡುತ್ತೇನೆ. ನೀವು ಬರುವ ಹೊತ್ತಿಗೆ ಮುಖವಾಡಗಳು ಮತ್ತೆ ಮೊಳೆಗೆ ನೇತುಬಿದ್ದು ವಾರ ಕಳೆದಿರುತ್ತದೆ. ಅವರನ್ನು ಕಣಿವೆಯ ಮಾತಿನಲ್ಲಿ ಚೆಗ್ಗೆಟ್ಟೆ ಎನ್ನುತ್ತಾರೆ. ಫೆಬ್ರವರಿ 2ರಂದು ಕ್ರೈಸ್ತರ ಮೇಣದಬತ್ತಿ ಹಬ್ಬ ಮುಗಿದ ಮೇಲೆ ಹೊರಬೀಳುತ್ತಾರೆ, ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಬೂದಿ ಬುಧವಾರದ ಹಿಂದಿನ ದಿನದವರೆಗೆ ತಿರುಗುತ್ತಾರೆ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೇ ಬರುವುದರಿಂದ ಬೂದಿ ಬುಧವಾರ ಫೆಬ್ರವರಿ 10ಕ್ಕೆ ಬೀಳುತ್ತದೆ. ಅಂದರೆ ಆ ವರ್ಷ ಅವರಿಗೆ ಸಿಗುವುದು ಬರೀ ಒಂದು ವಾರ, ಪಾಪ. ಟಿಕೆಟ್ ಇನ್ನೂ ಕೊಂಡಿಲ್ಲವಾದರೆ ಫೆಬ್ರವರಿ 4ರ ಗುರುವಾರಕ್ಕೆ ಹಿಂದೆ ಸರಿಸಿ. ಬೂದಿ ಬುಧವಾರಕ್ಕೆ ಮುಂಚಿನ ಆ ಗುರುವಾರದ ರಾತ್ರಿಯೇ ದೊಡ್ಡ ಓಟ. ಮೊದಲೆಲ್ಲ ಬ್ಲಾಟೆನ್‌ನಿಂದ ಹೊರಟು ಕೆಳಗಿನ ಫೆರ್ಡೆನ್‌ವರೆಗೆ ಹಳ್ಳಿ ಹಳ್ಳಿ ದಾಟಿ ಓಡುತ್ತಿದ್ದರು.

ಅದು ಮೆರವಣಿಗೆ ಎಂದುಕೊಂಡು ಕ್ಯಾಮೆರಾ ಹಿಡಿದು ರಸ್ತೆ ಬದಿ ನಿಲ್ಲಬೇಡಿ. ನಾನು ಮೊದಲ ಸಲ ಹೋದಾಗ ಗುರುವಾರ ಕೂಡ ಅಲ್ಲ, ಮಧ್ಯಾಹ್ನದ ಹೊತ್ತು, ಕಿಪೆಲ್‌ನಲ್ಲಿ ಎರಡು ಮನೆಗಳ ನಡುವಿನ ಓಣಿಯಲ್ಲಿ ಒಬ್ಬನೇ ನಡೆಯುತ್ತಿದ್ದೆ. ಬೆನ್ನ ಹಿಂದೆ ದಪ್ಪ ದನಿಯ ಗಂಟೆ ಕೇಳಿತು. ಹಸು ತಪ್ಪಿಸಿಕೊಂಡಿದೆ ಎಂದುಕೊಂಡು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತೆ. ಫೆಬ್ರವರಿಯಲ್ಲಿ ಹಸುಗಳು ಕೊಟ್ಟಿಗೆ ಬಿಟ್ಟು ಹೊರಬರುವುದಿಲ್ಲ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಮುಂದಿನ ಗಳಿಗೆಯಲ್ಲಿ ಉಣ್ಣೆಯ ಕೈಗವಸೊಂದು ಹಿಡಿಹಿಡಿ ಹಿಮವನ್ನು ನನ್ನ ಮುಖಕ್ಕೆ, ಕುತ್ತಿಗೆಗೆ, ಕಿವಿಗೆ ಉಜ್ಜಿತು. ಕನ್ನಡಕ ಬಿತ್ತು. ಆ ರೋಮದ ರಾಶಿ ಬಗ್ಗಿ ಹಿಮದಲ್ಲಿ ತಡಕಾಡಿ ಕನ್ನಡಕ ಹುಡುಕಿತು, ತನ್ನ ಮೇಕೆಚರ್ಮಕ್ಕೆ ಒರೆಸಿತು, ನನ್ನ ಮೂಗಿನ ಮೇಲೆ ಇಟ್ಟಿತು, ಒಂದು ಮಾತೂ ಆಡದೆ ಗಂಟೆ ಬಾರಿಸುತ್ತ ಹೋಯಿತು. ಎರಡು ದಿನ ಕನ್ನಡಕ ಮೇಕೆಯ ವಾಸನೆ ಹೊಡೆಯುತ್ತಿತ್ತು.

ಮುಖವಾಡವನ್ನು ಹತ್ತಿರದಿಂದ ನೋಡಬೇಕಾದರೆ ಕಿಪೆಲ್‌ನ ಲೋಚೆನ್‌ಟಾಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ. 1982ರಲ್ಲಿ ತೆರೆದದ್ದು, ಚಿಕ್ಕದು. ಚಳಿಗಾಲದಲ್ಲಿ ದಿನವೂ ತೆರೆದಿರುತ್ತದೆ ಎಂದು ನಂಬಿ ಹೋಗಬೇಡಿ, ಮೊದಲೇ ಕೇಳಿಕೊಳ್ಳಿ. ಮುಖವಾಡಗಳನ್ನು ಕೆತ್ತುವುದು ಆರ್ವೆ ಎಂಬ, ಬೆಟ್ಟದ ಎತ್ತರದಲ್ಲಿ ಬೆಳೆಯುವ ಪೈನ್ ಮರದಿಂದ. ಉಳಿಗೆ ಮೃದು, ಎಷ್ಟೋ ಕಾಲ ಅಂಟಿನ ಪರಿಮಳ ಬಿಡುವುದಿಲ್ಲ. ಕೆಲವಕ್ಕೆ ಬಾಯಲ್ಲಿ ನಿಜವಾದ ಹಸುವಿನ ಹಲ್ಲು ಕೂರಿಸಿರುತ್ತಾರೆ. ಹಳೆಯವು ಮಸಿ ಬಳಿದಂತೆ ಕಪ್ಪು, ಅಂಕುಡೊಂಕು; ಹೊಸವು ಸಿನಿಮಾದ ರಾಕ್ಷಸರ ಹಾಗೆ ದೊಡ್ಡವು, ನುಣುಪಾದವು. ನನಗೆ ಹಳೆಯವೇ ಹೆಚ್ಚು ಹೆದರಿಕೆ ತರಿಸುತ್ತವೆ.

ಆದರೆ ನಾನು ಆ ಕಣಿವೆಗೆ ಮತ್ತೆ ಮತ್ತೆ ಹೋಗುವುದು ಮುಖವಾಡಕ್ಕಾಗಿ ಅಲ್ಲ. ಅಲ್ಲೇ ಮುಖವಾಡಗಳಿಂದ ಸ್ವಲ್ಪ ದೂರದಲ್ಲಿ, ಬಂದವರಲ್ಲಿ ಹೆಚ್ಚಿನವರು ದಾಟಿ ಹೋಗುವ ಒಂದಷ್ಟು ಮರದ ತುಂಡುಗಳಿವೆ. ಗೇಣುದ್ದದ ಕೋಲುಗಳು, ಅಂಚಿನಲ್ಲಿ ಚಾಕುವಿನ ಕಚ್ಚುಗಳು, ಒಂದು ಬದಿಯಲ್ಲಿ ಗೀರಿ ಬರೆದ ಗುರುತು. ಟೆಸೆಲ್ ಎಂದು ಹೆಸರು. ಹಳ್ಳಿಯ ಲೆಕ್ಕಪುಸ್ತಕಗಳು ಅವೇ. ಪ್ರತಿ ಮನೆತನಕ್ಕೂ ಒಂದು ಗುರುತು: ಶಿಲುಬೆ, ಅರ್ಧಚಂದ್ರ, ಎರಡು ಗೀಟು ಒಂದು ಚುಕ್ಕೆ, ಹೀಗೆ. ಬೇಸಿಗೆಯ ಹುಲ್ಲುಗಾವಲಿಗೆ ಯಾರು ಎಷ್ಟು ಹಸು ಬಿಡಬಹುದು, ನೀರಿನ ಸರದಿ ಯಾರದು, ಈ ಬಾರಿ ಊರಿನ ಕೆಲಸಕ್ಕೆ ಯಾವ ಮನೆಯವರು ಹೋಗಬೇಕು, ಯಾರು ಸಾಲ ಪಡೆದಿದ್ದಾರೆ, ಎಲ್ಲವೂ ಕಚ್ಚುಗಳಲ್ಲಿದೆ. ಮೋಸಕ್ಕೆ ಆಸ್ಪದ ಕೊಡದ ಉಪಾಯವನ್ನು ನೋಡಿ: ಕೋಲಿನಿಂದ ಒಂದು ತುಂಡನ್ನು ಸೀಳಿ ತೆಗೆದು ಹಕ್ಕುದಾರನಿಗೆ ಕೊಡುತ್ತಿದ್ದರು, ತಾಯಿಕೋಲು ಇನ್ನೊಬ್ಬರ ಬಳಿ ಉಳಿಯುತ್ತಿತ್ತು. ಲೆಕ್ಕದ ದಿನ ಎರಡನ್ನೂ ಕೂಡಿಸಿ, ಎರಡರ ಮೇಲೂ ಅಡ್ಡಲಾಗಿ ಒಂದೇ ಕಚ್ಚು. ಒಬ್ಬನೇ ಮನೆಯಲ್ಲಿ ಕುಳಿತು ಹೆಚ್ಚುವರಿ ಕಚ್ಚು ಹಾಕಿಕೊಂಡರೆ ಮುಂದಿನ ಸಲ ತುಂಡುಗಳು ಸೇರಿದ ಕೂಡಲೇ ಬಯಲಾಗುತ್ತದೆ. ಆಲ್ಪ್ಸ್‌ನ ಹಲವು ಕಡೆ ಒಂದು ಹಸುವಿನ ಹಕ್ಕನ್ನೇ ನಾಲ್ಕು ಪಾದಗಳಾಗಿ ಒಡೆಯುತ್ತಿದ್ದರು. ಆಸ್ತಿ ಮಕ್ಕಳಿಗೆಲ್ಲ ಸಮವಾಗಿ ಹಂಚಿಹೋಗುತ್ತಿದ್ದಾಗ ಒಬ್ಬನ ಪಾಲಿಗೆ ಹಸುವಿನ ಎರಡೇ ಕಾಲು ಬಂದರೆ ಆಶ್ಚರ್ಯವೇನು! ಮಿಕ್ಕೆರಡು ಕಾಲಿನವನ ಜೊತೆ ಅವನು ಹೊಂದಿಕೊಂಡು ಹೋಗಲೇಬೇಕಿತ್ತು.

ಇದನ್ನು ತಲೆಯಲ್ಲಿಟ್ಟುಕೊಂಡು ಹೊರಗೆ ಬಂದರೆ ಹಳ್ಳಿ ಬೇರೆಯಾಗಿ ಕಾಣುತ್ತದೆ. ಕಿಪೆಲ್ 1,376 ಮೀಟರ್ ಎತ್ತರದಲ್ಲಿದೆ, ಜನಸಂಖ್ಯೆ ನಾಲ್ಕುನೂರರೊಳಗೆ. ಹಳೆಯ ಭಾಗದ ಮನೆಗಳು ಲಾರ್ಚ್ ಮರದವು, ಬಿಸಿಲಿಗೆ ಸುಟ್ಟು ಕಾಫಿಬಣ್ಣದಿಂದ ಕಪ್ಪಿಗೆ ತಿರುಗಿವೆ. ಯಾರೂ ಬಣ್ಣ ಬಳಿದದ್ದಲ್ಲ. ಮುಂಭಾಗದ ತೊಲೆಗಳ ಮೇಲೆ ಕಟ್ಟಿಸಿದವರ ಹೆಸರು, ವರ್ಷ, ದೇವರ ಪ್ರಾರ್ಥನೆಯ ಸಾಲು ಕೆತ್ತಿರುತ್ತಾರೆ. ಅಕ್ಷರ ಓದಲು ಬಾರದಿದ್ದರೂ ಇಸವಿ ಓದಿಕೊಳ್ಳಬಹುದು. ಮನೆಗಳ ನಡುವೆ ಕಾಲುಗಳ ಮೇಲೆ ನಿಂತ ಕಣಜಗಳಿವೆ. ಪ್ರತಿ ಕಾಲಿನ ತುದಿಗೂ ರೊಟ್ಟಿಕಲ್ಲಿನಂಥ ದುಂಡನೆಯ ಚಪ್ಪಟೆ ಕಲ್ಲು, ಅದರ ಮೇಲೆ ಕಟ್ಟಡ. ಇಲಿ ಕಾಲು ಹತ್ತಿ ಬಂದರೂ ಆ ಕಲ್ಲಿನ ಅಂಚನ್ನು ಬಳಸಿ ಮೇಲೇರಲಾರದು. ರೈ ಧಾನ್ಯದ ಸಿವುಡುಗಳನ್ನು ಒಟ್ಟಿ ಅಲ್ಲೇ ಒಕ್ಕಣೆ ಮಾಡುತ್ತಿದ್ದರು. ಕೆಲವು ಕಣಜಗಳಿಗೆ ಹಲವು ಬಾಗಿಲು, ಬಾಗಿಲಿಗೊಂದು ಬೀಗ. ಪಾಲುದಾರರು ಎಷ್ಟು ಮಂದಿ ಇದ್ದರೆಂಬುದು ಬಾಗಿಲುಗಳಿಂದಲೇ ಗೊತ್ತಾಗುತ್ತದೆ. ಅಮ್ಮನವರಿಗೆ ಇದು ಖಂಡಿತ ಇಷ್ಟವಾಗುತ್ತದೆ.

ಪಕ್ಕದ ವೀಲರ್‌ನಲ್ಲಿ ಇಷ್ಟು ಹಳೆಯ ಮನೆಗಳು ಕಾಣುವುದಿಲ್ಲ, 1900ರಲ್ಲಿ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟುಹೋಯಿತು. ಒತ್ತೊತ್ತಾಗಿ ಮರದಲ್ಲೇ ಕಟ್ಟಿದ ಊರಿನ ಕಷ್ಟ ಅದು.

ದಾರಿ: ಬರ್ನ್‌ನಿಂದ ಬ್ರಿಗ್ ಕಡೆಗೆ ಹೋಗುವ ವೇಗದ ರೈಲು ಹತ್ತಿದರೆ ಕೆಟ್ಟಿರಿ. ಅದು 2007ರಲ್ಲಿ ತೆರೆದ 34.6 ಕಿಲೋಮೀಟರಿನ ಕೆಳಸುರಂಗದಲ್ಲಿ ನುಗ್ಗಿ ನಿಮ್ಮನ್ನು ನೇರವಾಗಿ ವಿಸ್ಪ್‌ನಲ್ಲಿ ಇಳಿಸುತ್ತದೆ. ಕಾಂಡರ್‌ಸ್ಟೆಗ್ ಮೇಲೆ ಹೋಗುವ ನಿಧಾನದ ರೈಲೇ ಬೇಕು. 1913ರಲ್ಲಿ ಮುಗಿದ ಹಳೆಯ ಸುರಂಗ ದಾಟಿದ ತಕ್ಷಣ ಗೊಪೆನ್‌ಸ್ಟೈನ್ ನಿಲ್ದಾಣ, ಅಲ್ಲಿಂದ ಹಳದಿ ಬಸ್. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಎರಡಕ್ಕೂ ಬೇರೆ ಟಿಕೆಟ್ ಬೇಡ. ಆ ಹಳೆಯ ಸುರಂಗ ಸುಮ್ಮನೆ ಆದದ್ದಲ್ಲ. 1908ರ ಫೆಬ್ರವರಿ 29ರಂದು ಗೊಪೆನ್‌ಸ್ಟೈನ್‌ನಲ್ಲಿ ಹಿಮಪಾತಕ್ಕೆ 12 ಮಂದಿ ಸತ್ತರು. ಅದೇ ವರ್ಷ ಜುಲೈ 24ರಂದು ಉತ್ತರದ ಕಡೆಯಿಂದ ಕೊರೆಯುತ್ತಿದ್ದವರು ಗಾಸ್ಟರ್ನ್ ಕಣಿವೆಯ ತಳದ ನೀರು ತುಂಬಿದ ಜಲ್ಲಿಗೆ ತೂತು ಹೊಡೆದು 25 ಇಟಾಲಿಯನ್ ಕೆಲಸಗಾರರು ಕೊಚ್ಚಿಹೋದರು. ಆಮೇಲೆ ಸುರಂಗವನ್ನು ಬಾಗಿಸಿ ತಿರುಗಿಸಿದರು. ನೇರವಾಗಿರಬೇಕಾದದ್ದು ಈಗಲೂ ವಕ್ರವಾಗಿಯೇ ಇದೆ.

ಎರಡು ರಾತ್ರಿ ಹೆಚ್ಚಲ್ಲ. ಮೂರಾದರೂ ಇರಲಿ ಎನ್ನುತ್ತಿದ್ದೆ, ಇನ್ನೊಂದು ಕಾರಣಕ್ಕೆ: ಹಿಮ ಜೋರಾದರೆ ಕಣಿವೆಯ ರಸ್ತೆ ಮುಚ್ಚುತ್ತದೆ. 1999ರ ಫೆಬ್ರವರಿಯಲ್ಲಿ ಕಣಿವೆಗೆ ಹೊರಗಿನ ಸಂಪರ್ಕವೇ ಕಡಿದುಹೋಗಿತ್ತು. ಕಿಪೆಲ್ ಬಿಡುವ ದಿನವೇ ವಿಮಾನ ಇಟ್ಟುಕೊಳ್ಳಬೇಡಿ.

ಉತ್ತರ: ಅರ್ಥಶಾಸ್ತ್ರದ ಮೇಷ್ಟ್ರು

ಲೆಕ್ಕದ ಕೋಲಿನ ಮಾತು ಬಂದದ್ದರಿಂದ ಒಂದು ಸೇರಿಕೆ. ಅದೇ ವಾಲಿಸ್ ಪ್ರಾಂತದಲ್ಲಿ, ವಿಸ್ಪ್‌ನ ದಕ್ಷಿಣಕ್ಕೆ ಟೋರ್ಬೆಲ್ ಎಂಬ ಹಳ್ಳಿಯಿದೆ. 1517ರಲ್ಲಿ ಬರೆದಿಟ್ಟ ಕಟ್ಟಳೆಯೊಂದು ಅಲ್ಲಿದೆ: ಚಳಿಗಾಲದಲ್ಲಿ ಮನೆಯ ಮೇವಿನಿಂದ ಎಷ್ಟು ಹಸು ಸಾಕಬಲ್ಲೆಯೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಊರಿನ ಹುಲ್ಲುಗಾವಲಿಗೆ ಬಿಡಬಹುದು. ಬೇಸಿಗೆಯಲ್ಲಿ ಹೊರಗಿನಿಂದ ಹಸು ತಂದು ಊರಿನ ಹುಲ್ಲು ಮೇಯಿಸಿ ಲಾಭ ಹೊಡೆಯುವ ದಾರಿ ಅಲ್ಲಿಗೆ ಮುಚ್ಚಿತು. ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ನೆಟಿಂಗ್ ಆ ಊರಿನಲ್ಲಿ ಇದ್ದು ಅಧ್ಯಯನ ಮಾಡಿದರು. ಅದನ್ನು ಮುಖ್ಯ ಉದಾಹರಣೆಗಳಲ್ಲೊಂದಾಗಿ ಎತ್ತಿಕೊಂಡ ಎಲಿನೋರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಎಲ್ಲರಿಗೂ ಸೇರಿದ್ದು ಹಾಳಾಗಿಯೇ ತೀರುತ್ತದೆ ಎಂದು ತರಗತಿಯಲ್ಲಿ ಪಾಠ ಹೇಳುತ್ತಿದ್ದ ನನ್ನಂಥವರು ಟಿಪ್ಪಣಿ ಬದಲಿಸಬೇಕಾಯಿತು. ಪ್ರವಾಸಿಗೆ ಟೋರ್ಬೆಲ್‌ನಲ್ಲಿ ನೋಡಲು ಕಿಪೆಲ್‌ನಷ್ಟು ಇಲ್ಲ, ಅದನ್ನೂ ಹೇಳಬೇಕು.

ಉತ್ತರ: ಹಲ್ಲಿನ ವೈದ್ಯೆ

ನಮ್ಮ ವೃತ್ತಿಯವರಿಗೆ ಈ ಕಣಿವೆಯ ಹೆಸರು ಬೇರೆ ಕಾರಣಕ್ಕೆ ಗೊತ್ತು. 1930ರ ದಶಕದ ಆರಂಭದಲ್ಲಿ ವೆಸ್ಟನ್ ಪ್ರೈಸ್ ಎಂಬ ಅಮೆರಿಕದ ದಂತವೈದ್ಯ ಇಲ್ಲಿನ ಮಕ್ಕಳ ಬಾಯಿ ತೆರೆಸಿ ಹಲ್ಲು ಎಣಿಸಿದರು. ರೈ ರೊಟ್ಟಿ, ಗಿಣ್ಣು, ಹಾಲು, ವಾರಕ್ಕೊಮ್ಮೆ ಮಾಂಸ. ಹುಳುಕು ಹಲ್ಲು ತೀರಾ ಕಡಿಮೆ. ಅದರಿಂದ ಅವರು ಕಟ್ಟಿದ ಸಿದ್ಧಾಂತಗಳನ್ನೆಲ್ಲ ನಾನು ಒಪ್ಪುವುದಿಲ್ಲ, ಆದರೆ ಆ ರೊಟ್ಟಿಯನ್ನು ತಿಂದು ನೋಡಿ. ಹೊರಪದರ ಬಿರುಕುಬಿಟ್ಟ ನೆಲದಂತೆ, ಒಳಗೆ ತುಸು ಹುಳಿ. ಹಿಂದೆ ಊರಿನ ಒಲೆಮನೆಯಲ್ಲಿ ವರ್ಷಕ್ಕೆ ಕೆಲವೇ ಸಲ ಸುಟ್ಟು ತಿಂಗಳುಗಟ್ಟಲೆ ಇಡುತ್ತಿದ್ದರಂತೆ. ಈಗ ಅಷ್ಟು ಗಟ್ಟಿಯದು ಸಿಗುವುದಿಲ್ಲ, ಅಮ್ಮನವರ ಹಲ್ಲಿಗೆ ಅಪಾಯವಿಲ್ಲ!

ಉತ್ತರ: ಹಬ್ಬಗಳ ಹಿಂದೆ ಹೋಗುವವಳು

ಚೆಗ್ಗೆಟ್ಟೆ ಎಂದರೆ ಚಳಿಗಾಲದ ಭೂತ ಓಡಿಸುವ ಆಚರಣೆ ಎಂದು ಎಲ್ಲ ಪ್ರವಾಸಿ ಕೈಪಿಡಿಗಳೂ ಬರೆಯುತ್ತವೆ. ಊರಿನವರು ಹೇಳುವ ಐತಿಹ್ಯ ಇನ್ನೂ ಚೆನ್ನಾಗಿದೆ: ಕಣಿವೆಯ ನೆರಳಿನ ಬದಿಯ ಕಾಡಿನಲ್ಲಿದ್ದ ಕಳ್ಳರು ಚರ್ಮ ಹೊದ್ದು, ಮುಖ ಮರೆಸಿಕೊಂಡು ಬಿಸಿಲಿನ ಬದಿಯ ಹಳ್ಳಿಗಳನ್ನು ರಾತ್ರಿ ದೋಚುತ್ತಿದ್ದರಂತೆ. ಆ ಹೆಸರಿಗೆ ಮೂಲ ಬರೀ ಮಚ್ಚೆಮಚ್ಚೆಯ ಮೈ, ಕಪ್ಪುಬಿಳುಪು ತೊಗಲು. ಹಿಂದೆ ಮದುವೆಯಾಗದ ಗಂಡು ಹುಡುಗರಿಗಷ್ಟೇ ಈ ವೇಷದ ಹಕ್ಕು, ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆದರೆ ಮುಖವಾಡ ತೆಗೆಯಬೇಕು, ಭಾನುವಾರ ರಜೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿಗಳು ಇದನ್ನು ನಿಲ್ಲಿಸಲು ನೋಡಿದರು. ಯಾರು ಗೆದ್ದರೆಂಬುದು ಮೇಲಿನವರ ಕನ್ನಡಕಕ್ಕೆ ಗೊತ್ತು.

ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ: ಫೆಬ್ರವರಿಯೇ ಬೇಕೆಂದಿಲ್ಲವಾದರೆ ಈಸ್ಟರ್ ಮರುದಿನದ ಸೋಮವಾರ ಫೆರ್ಡೆನ್‌ಗೆ ಹೋಗಿ. ಬೇಸಿಗೆಯಲ್ಲಿ ಹುಲ್ಲುಗಾವಲಿನ ಹಾಲಿನಿಂದ ಮಾಡಿ ಹಣ್ಣಾಗಿಸಿಟ್ಟ ಒಂದು ಬಗೆಯ ಗಿಣ್ಣು, ರೊಟ್ಟಿ, ವೈನ್ ಹಂಚುತ್ತಾರೆ. ದಾನವೆಂದು ಹೆಸರು, ನಿಯಮ ಕಟ್ಟುನಿಟ್ಟು, ತುಂಬ ಹಳೆಯದು. ಇಲ್ಲವೇ ಜೂನ್ ಸುಮಾರಿಗೆ ಬರುವ ಕಾರ್ಪಸ್ ಕ್ರಿಸ್ಟಿ ಹಬ್ಬ. ಕೆಂಪು ಅಂಗಿ, ಬಿಳಿ ಷರಾಯಿ, ತಲೆಯ ಮೇಲೆ ಕರಡಿಚರ್ಮದ ಎತ್ತರದ ಟೋಪಿ ಹಾಕಿದ ಗಂಡಸರು ಸಿಪಾಯಿಗಳಂತೆ ಹೆಜ್ಜೆ ಹಾಕುತ್ತ ದೇವರ ಮೆರವಣಿಗೆಗೆ ಕಾವಲಾಗಿ ನಡೆಯುತ್ತಾರೆ. ಈ ಬಡ ಕಣಿವೆಯಿಂದ ಹುಡುಗರು ಪರದೇಶದ ರಾಜರ ಸೈನ್ಯಕ್ಕೆ ಕೂಲಿಗೆ ಹೋಗುತ್ತಿದ್ದ ಕಾಲದ ಸಮವಸ್ತ್ರ ಅದು. ಸೈನ್ಯಗಳು ಹೋದವು, ಅಂಗಿ ಉಳಿದಿದೆ.

ಪ್ರಶ್ನೆ ಕೇಳಿದವರು: ನಾಲ್ಕು ದಿನದ ಅತಿಥಿ

ಇಷ್ಟೊಂದು ವಿಷಯ ಸಿಗುತ್ತದೆಂದು ಎಣಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ರಜೆ ಬದಲಾಗುವುದಿಲ್ಲ, ಹಾಗಾಗಿ ಮುಖವಾಡದ ಆಸೆ ಬಿಟ್ಟೆ. ಕಿಪೆಲ್‌ನಲ್ಲೇ ಎರಡು ರಾತ್ರಿ, ಆಮೇಲೆ ಒಂದು ರಾತ್ರಿ ಬರ್ನ್. ಬ್ಲಾಟೆನ್ ಬಗ್ಗೆ ಯಾರೂ ಹೇಳಲಿಲ್ಲ. ತಾಯಿಯ ನಡಿಗೆಯ ಪ್ರಶ್ನೆಯೂ ಉಳಿದಿದೆ.

ಉತ್ತರ: ಬರ್ನ್‌ನ ಬಾಡಿಗೆದಾರ

ಬ್ಲಾಟೆನ್ ಬಗ್ಗೆ ಬರೆಯುವುದನ್ನು ಮುಂದೂಡಿದ್ದು ಬೇಕೆಂದೇ. ಅಲ್ಲಿನ ಪ್ರಾರ್ಥನಾ ಮಂದಿರದ ಬಳಿಯ ಬೆಂಚಿನ ಮೇಲೆ ಕುಳಿತು ನಾನು ಎಷ್ಟೋ ಸಲ ಬುತ್ತಿ ಬಿಚ್ಚಿದ್ದೇನೆ.

ನಡೆದದ್ದು ಇಷ್ಟು. 2025ರ ಮೇ ತಿಂಗಳಲ್ಲಿ ಊರಿನ ಮೇಲಿನ ಶಿಖರದಿಂದ ಬಂಡೆಗಳು ಒಂದೇ ಸಮನೆ ಬಿರ್ಷ್ ಎಂಬ ಹಿಮನದಿಯ ಮೇಲೆ ಉದುರತೊಡಗಿದವು. ಆ ಭಾರಕ್ಕೆ ಹಿಮನದಿ ಕೆಳಕ್ಕೆ ಸರಿಯುವುದು ಅಳತೆಗೆ ಸಿಕ್ಕಿತು. ಮೇ 19ರಂದು ಸುಮಾರು 300 ಜನರನ್ನೂ ದನಕರುಗಳನ್ನೂ ಊರು ಬಿಡಿಸಿದರು. ಮೇ 28ರ ಮಧ್ಯಾಹ್ನ ಹಿಮನದಿ ಬಂಡೆಗಳ ಸಮೇತ ಕುಸಿಯಿತು, ಊರಿನ ಸುಮಾರು ಶೇಕಡ 90 ಭಾಗ ಅದರಡಿ ಹೂತುಹೋಯಿತು. ಮಣ್ಣಿನ ರಾಶಿ ಲೊಂಜಾ ನದಿಗೆ ಅಡ್ಡ ಕಟ್ಟಿದಂತಾಗಿ, ಉಳಿದ ಮನೆಗಳಲ್ಲಿ ಹಲವನ್ನು ಹಿಂದೆ ನಿಂತ ನೀರು ತೆಗೆದುಕೊಂಡಿತು. 64 ವರ್ಷದ ಕುರಿಗಾಹಿಯೊಬ್ಬರು ತೀರಿಕೊಂಡರು. ಜನರನ್ನು ಒಂಬತ್ತು ದಿನ ಮುಂಚೆ ಹೊರಗೆ ತಂದದ್ದರಿಂದ ಸಾವು ಒಂದಕ್ಕೆ ನಿಂತಿತು.

ಕಿಪೆಲ್, ಫೆರ್ಡೆನ್, ವೀಲರ್ ಮೂರೂ ಹಾಗೆಯೇ ಇವೆ. ಕಣಿವೆಗೆ ಹೋಗುವುದು ಸರಿಯೇ ಎಂದರೆ ಹೌದು, ಹೋಗಿ. ಅಲ್ಲಿ ಉಳಿಯಿರಿ, ಊಟ ಮಾಡಿ, ಹಣ ಖರ್ಚು ಮಾಡಿ. ಬ್ಲಾಟೆನ್‌ನವರಲ್ಲಿ ಅನೇಕರು ಈಗ ಇದೇ ಹಳ್ಳಿಗಳಲ್ಲಿ ಇದ್ದಾರೆ. ಆದರೆ ಅವಶೇಷವನ್ನು ನೋಡಲೆಂದೇ ಮೇಲಕ್ಕೆ ಹೋಗಬೇಡಿ. ವೀಲರ್‌ನಿಂದ ಲೌಹೆರ್ನಾಲ್ಪ್‌ಗೆ ಹೋಗುವ ಕೇಬಲ್ ಕಾರಿನಲ್ಲಿ ಏರಿದರೆ ಕಣಿವೆ ಹೇಗೂ ಕಣ್ಣೆದುರು ತೆರೆದುಕೊಳ್ಳುತ್ತದೆ. ಎದುರಿಗೆ 3,934 ಮೀಟರಿನ ಬೀಚ್‌ಹಾರ್ನ್ ಶಿಖರ, ಎಡಕ್ಕೆ ಕಣಿವೆಯ ತುದಿಯ ಹಿಮನದಿ, ಕೆಳಗೆ ಒಂದು ಬೂದುಬಣ್ಣದ ಕಲೆ. ಹೋದ ವರ್ಷ ನನ್ನ ಜೊತೆ ಅದೇ ಕಾರಿನಲ್ಲಿದ್ದ ಊರಿನ ಮುದುಕರೊಬ್ಬರು ಆ ಕಡೆಯ ಕಿಟಕಿಗೆ ಬೆನ್ನು ಮಾಡಿ ನಿಂತಿದ್ದರು. ಕಾರು ಮೇಲೆ ತಲುಪುವವರೆಗೂ ಹಾಗೆಯೇ ಇದ್ದರು. ನಾನು ಮೊಬೈಲ್ ಜೇಬಿಗೆ ಹಾಕಿಕೊಂಡೆ.

ಇನ್ನು ತಾಯಿಯವರ ನಡಿಗೆ. ಕಿಪೆಲ್‌ನಿಂದ ವೀಲರ್‌ಗೆ ಅರ್ಧ ಗಂಟೆಯ ದಾರಿ, ಏರು ಹೆಚ್ಚಿಲ್ಲ. ಬೂಟಿಗೆ ಕೆಳಗಿನಿಂದ ಸಿಕ್ಕಿಸುವ ರಬ್ಬರಿನ ಮುಳ್ಳುಪಟ್ಟಿ ಸಿಗುತ್ತದೆ, ಬರ್ನ್‌ನಲ್ಲೇ ಒಂದು ಜೊತೆ ಕೊಂಡುಬಿಡಿ. ಓಣಿಗಳಲ್ಲಿ ಮಧ್ಯಾಹ್ನ ಕರಗಿದ ನೀರು ಸಂಜೆ ಗಾಜಾಗುತ್ತದೆ, ಆದ್ದರಿಂದ ಹಳೆಯ ಮನೆಗಳನ್ನು ಬೆಳಿಗ್ಗೆ ಹತ್ತರಿಂದ ಮೂರರೊಳಗೆ ನೋಡಿ ಮುಗಿಸಿ. ಬಿಸಿಲೂ ಅಷ್ಟು ಹೊತ್ತೇ ಇರುವುದು. ಜರ್ಮನ್ ಕಲಿತಿದ್ದೀರಾದರೆ ನಿರಾಸೆಯಾಗಬೇಡಿ. ಈ ಕಣಿವೆಯ ಮಾತು ಜೂರಿಕ್‌ನವರಿಗೂ ಅರ್ಥವಾಗುವುದಿಲ್ಲ, ನನಗಂತೂ ಹನ್ನೊಂದು ವರ್ಷವಾದರೂ ಹತ್ತರಲ್ಲಿ ಮೂರು ಪದ ಸಿಕ್ಕರೆ ಹೆಚ್ಚು.

ಪ್ರಶ್ನೆ ಕೇಳಿದವರು: ನಾಲ್ಕು ದಿನದ ಅತಿಥಿ

ಕೋಣೆ ಕಾಯ್ದಿರಿಸಿದೆ. ತಾಯಿಗೆ ಎಲ್ಲವನ್ನೂ ಓದಿ ಹೇಳಿದೆ. ಮುಖವಾಡ ತಪ್ಪಿದ್ದಕ್ಕೆ ಅವರಿಗೆ ಬೇಸರವೇನೂ ಇಲ್ಲ. ಅವರದು ಒಂದೇ ಪ್ರಶ್ನೆ: ಆ ದುಂಡನೆಯ ಕಲ್ಲುಗಳು ಇಲಿಯನ್ನು ತಡೆದವು ಸರಿ, ಕಣಜದೊಳಗೆ ಹೇಗೋ ಸೇರಿಕೊಂಡ ಇಲಿಯನ್ನು ಹಿಡಿಯಲು ಬೆಕ್ಕು ಹತ್ತುವುದು ಹೇಗೆ?

ಉತ್ತರ: ಬರ್ನ್‌ನ ಬಾಡಿಗೆದಾರ

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಇಷ್ಟು ವರ್ಷ ಓಡಾಡಿದರೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಕಿಪೆಲ್ ಚರ್ಚಿನ ಕೆಳಗಿನ ಓಣಿಯಲ್ಲಿ ಒಂದು ಬೂದುಬಣ್ಣದ ಬೆಕ್ಕು ಅಂಥ ಕಲ್ಲಿನ ಮೇಲೆಯೇ ಬಿಸಿಲು ಕಾಯಿಸುತ್ತ ಮಲಗಿರುವುದನ್ನು ನೋಡಿದ್ದೇನೆ. ಪಕ್ಕದ ಸೌದೆಯ ಒಟ್ಟಿಲಿನಿಂದ ನೆಗೆದಿರಬೇಕು.